ಸಲಿಂಗ ದಂಪತಿಯ ಮಧುಚಂದ್ರ: ಪೋರ್ಟೊ ರಿಕೊ ದ್ವೀಪವನ್ನು ಕಾರಿನಲ್ಲಿ ಸುತ್ತಿ ಬರುವ ಬಗೆ

ಚಿತ್ರಗಳನ್ನು ನೋಡಿ ಮಧುಚಂದ್ರದ ದ್ವೀಪ ಆರಿಸಿಕೊಳ್ಳುವ ಸವಲತ್ತು ಗಂಡು-ಹೆಣ್ಣಿನ ಜೋಡಿಗೆ ಇದೆ. ಇಬ್ಬರು ಹೆಂಗಸರಿಗೋ ಇಬ್ಬರು ಗಂಡಸರಿಗೋ ಅದಿಲ್ಲ. ಕೆರಿಬಿಯನ್ ಸಮುದ್ರದಲ್ಲಿ ನೀಲಿ ನೀರು, ಬಿಳಿ ಮರಳು, ತೆಂಗಿನ ಸಾಲು ಎಲ್ಲ ಕಡೆಯೂ ಸಿಗುತ್ತವೆ, ಕಾನೂನು ಮಾತ್ರ ದ್ವೀಪದಿಂದ ದ್ವೀಪಕ್ಕೆ ಬೇರೆ. ಜಮೈಕಾದಲ್ಲಿ ಗಂಡಸರ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 1864ರ ವಸಾಹತು ಕಾಯ್ದೆ ಇನ್ನೂ ಜಾರಿಯಲ್ಲಿದೆ. ನಮ್ಮ ಹಳೆಯ ದಂಡಸಂಹಿತೆಯ 377ನೇ ಕಲಮಿಗೂ ಅದಕ್ಕೂ ಒಂದೇ ತವರು. ಬಾರ್ಬಡೋಸ್‌ನಲ್ಲಿ ಅಂಥದೇ ಕಾನೂನನ್ನು ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ಕ್ಯೂಬಾದ ಜನರು 2022ರ ಸೆಪ್ಟೆಂಬರ್‌ನಲ್ಲಿ ಮತ ಹಾಕಿ ಸಲಿಂಗ ವಿವಾಹವನ್ನು ಒಪ್ಪಿಕೊಂಡರು. ಅರುಬಾ ಮತ್ತು ಕುರಸಾವ್ ದ್ವೀಪಗಳಿಗೆ ಆ ಹಕ್ಕು 2024ರ ಜುಲೈನಲ್ಲಿ ಡಚ್ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಬಂತು. ಅಮೆರಿಕದ ಆಡಳಿತಕ್ಕೆ ಸೇರಿದ ಪೋರ್ಟೊ ರಿಕೊದಲ್ಲಿ ಅದು 2015ರಿಂದ ಇದೆ. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪು ಈ ದ್ವೀಪಕ್ಕೂ ಅನ್ವಯಿಸುತ್ತದೆ ಎಂಬುದನ್ನು ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಇನ್ನೊಮ್ಮೆ ಖಚಿತಪಡಿಸಿತು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಜೋಡಿಗೆ ನಾನು ಈ ದ್ವೀಪವನ್ನೇ ಮೊದಲು ಸೂಚಿಸಲು ಕಾನೂನಿನ ಜೊತೆಗೆ ಇನ್ನೊಂದು ಕಾರಣವಿದೆ. ವಲಸೆ ಕಾನೂನಿನ ದೃಷ್ಟಿಯಲ್ಲಿ ಪೋರ್ಟೊ ರಿಕೊ ಅಮೆರಿಕದ ಒಳಗೇ ಇರುವ ನೆಲವಾದ್ದರಿಂದ, ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲೋ ಅವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲೋ ಇರುವವರು ಮುಖ್ಯಭೂಮಿಯಿಂದ ನೇರ ವಿಮಾನದಲ್ಲಿ ಹೋಗಿ ಬಂದರೆ ದೇಶ ಬಿಟ್ಟಂತೆ ಆಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ ಅಮೆರಿಕದಲ್ಲಿ ಇರುವ ಅನುಮತಿ ಸಕ್ರಮವಾಗಿದ್ದರೆ ಸಾಕು. ಭಾರತದಿಂದ ಹೊರಡುವವರಿಗೆ ಅಮೆರಿಕದ ಪ್ರವಾಸಿ ವೀಸಾ ಬೇಕೇ ಬೇಕು. ನಾನೂ ನನ್ನ ಮಡದಿಯೂ ಎಂಟು ರಾತ್ರಿಗಳಲ್ಲಿ ಈ ದ್ವೀಪವನ್ನು ಸುತ್ತಿದೆವು. ಆ ಸುತ್ತಾಟದಿಂದ ಕಲಿತದ್ದನ್ನು, ನಾವು ಮಾಡಿದ ತಪ್ಪುಗಳನ್ನು ತಿದ್ದಿ, ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಇಡೀ ಯೋಜನೆಗೆ ಒಂದೇ ಸೂತ್ರ: ರಾತ್ರಿಗಳನ್ನು ಗಟ್ಟಿ ಮಾಡಿಕೊಳ್ಳಿ, ಹಗಲುಗಳನ್ನು ಸಡಿಲ ಬಿಡಿ. ಈ ರಾತ್ರಿ ಯಾವ ಬಾಗಿಲು ನಮಗೆ ತೆರೆದಿದೆ ಎಂಬುದು ಮೊದಲೇ ಗೊತ್ತಿದ್ದರೆ, ಹಗಲಿನಲ್ಲಿ ದಾರಿ ತಪ್ಪುವುದೂ ಸುಖವೇ.

ಮೊದಲ ಹೆಜ್ಜೆ: ಕಾಲವನ್ನು ಆರಿಸುವುದು

ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್ 20ರಂದು ಅಪ್ಪಳಿಸಿದ ಮರಿಯಾ ಚಂಡಮಾರುತದ ಗಾಯ ಈ ದ್ವೀಪದಲ್ಲಿ ಇಂದಿಗೂ ಪೂರ್ತಿ ಮಾಯ್ದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಫಿಯೋನಾ ಅದರ ಮೇಲೆ ಇನ್ನೊಂದು ಬರೆ ಎಳೆಯಿತು. ಆದ್ದರಿಂದ ಡಿಸೆಂಬರ್ ನಡುವಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳೇ ಒಳ್ಳೆಯವು. ಜನವರಿಯಿಂದ ಮಾರ್ಚ್‌ವರೆಗೆ ಪಶ್ಚಿಮ ಕರಾವಳಿಯಲ್ಲಿ ಗೂನು ಬೆನ್ನಿನ ತಿಮಿಂಗಿಲಗಳೂ ಕಾಣಿಸುತ್ತವೆ. ಸಮುದಾಯದ ಹೆಮ್ಮೆಯ ಮೆರವಣಿಗೆಗಳನ್ನು ನೋಡುವ ಆಸೆಯಿದ್ದರೆ ಮಾತ್ರ ಜೂನ್ ಆರಿಸಿ. ರಾಜಧಾನಿ ಸಾನ್ ಹ್ವಾನ್‌ನಲ್ಲಿಯೂ ನೈಋತ್ಯ ತುದಿಯ ಬೊಕೆರೋನ್ ಎಂಬ ಪುಟ್ಟ ಮೀನುಗಾರರ ಊರಿನಲ್ಲಿಯೂ ಮೆರವಣಿಗೆ ನಡೆಯುವುದು ಆ ತಿಂಗಳಿನಲ್ಲೇ. ಆಗ ರಸ್ತೆಯ ಬದಿಗಳಲ್ಲಿ ಗುಲ್‌ಮೊಹರ್ ಕೆಂಪಗೆ ಅರಳಿರುತ್ತದೆ.

ತಿಂಗಳು ನಿಶ್ಚಯವಾದ ಮೇಲೆ ಪಂಚಾಂಗ ತೆರೆಯಿರಿ. ಈ ದ್ವೀಪದಲ್ಲಿ ರಾತ್ರಿ ಹೊತ್ತು ಬೆಳಗುವ ಕೊಲ್ಲಿಗಳು ಮೂರಿವೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು, ನೀರು ಅಲುಗಾಡಿದಾಗಲೆಲ್ಲ ನೀಲಿ ಬೆಳಕು ಸೂಸುವುದೇ ಅದರ ಗುಟ್ಟು. ಬೆಳದಿಂಗಳಿದ್ದರೆ ಆ ಬೆಳಕು ಮಂಕಾಗುತ್ತದೆ. ಶುಭಕಾರ್ಯಕ್ಕೆ ನಮ್ಮ ಹಿರಿಯರು ಅಮಾವಾಸ್ಯೆಯನ್ನು ಬಿಡುತ್ತಿದ್ದರು. ಈ ಮಧುಚಂದ್ರಕ್ಕೆ ಮಾತ್ರ ಅಮಾವಾಸ್ಯೆಯನ್ನೇ ಹುಡುಕಿ, ಬಹುಳ ದ್ವಾದಶಿಯಿಂದ ಶುಕ್ಲ ತದಿಗೆಯ ನಡುವೆ ಮೂರನೆಯ ರಾತ್ರಿ ಬರುವಂತೆ ವಿಮಾನದ ಟಿಕೆಟ್ ತೆಗೆಯಿರಿ.

ಎರಡನೆಯ ಹೆಜ್ಜೆ: ಕಾಗದಪತ್ರ

ಮದುವೆಯ ಪ್ರಮಾಣಪತ್ರದ ಒಂದು ಪ್ರತಿಯನ್ನು ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೂ ಒಂದು ಚಿತ್ರವನ್ನು ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ನಮ್ಮ ದೇಶದ ಸುಪ್ರೀಂ ಕೋರ್ಟು 2018ರಲ್ಲಿ ನಮ್ಮನ್ನು ಅಪರಾಧಿಗಳ ಪಟ್ಟಿಯಿಂದ ತೆಗೆಯಿತು, ಆದರೆ 2023ರ ಅಕ್ಟೋಬರ್‌ನಲ್ಲಿ ನಮ್ಮ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಹೀಗಾಗಿ ಅಮೆರಿಕದಲ್ಲಿ ಪಡೆದ ಆ ಒಂದು ಹಾಳೆಯ ಬೆಲೆ ನಮಗೆ ಬೇರೆಯವರಿಗಿಂತ ಹೆಚ್ಚು. ಕಾರು ಬಾಡಿಗೆಗೆ ಕೊಡುವ ಹಲವು ಕಂಪನಿಗಳು ಎರಡನೆಯ ಚಾಲಕರಿಗೆ ದಿನಕ್ಕಿಷ್ಟು ಎಂದು ಶುಲ್ಕ ಹಾಕುತ್ತವೆ, ಗಂಡ ಅಥವಾ ಹೆಂಡತಿಯಾಗಿದ್ದರೆ ಅದನ್ನು ಬಿಡುತ್ತವೆ. ಕೌಂಟರಿನಲ್ಲಿ ನಮ್ಮನ್ನು ಗೆಳತಿಯರೆಂದು ತಿಳಿದು ಶುಲ್ಕ ಸೇರಿಸಿದ್ದರು. ನಾವು ದಂಪತಿ ಎಂದಾಗ ಆ ಹುಡುಗ ಮರುಮಾತಾಡದೆ ಅದನ್ನು ತೆಗೆದ. ಕೇಳದೆ ಸಿಗುವುದಿಲ್ಲ, ಆದ್ದರಿಂದ ಕೇಳಿ. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಪರಸ್ಪರರ ಪರವಾಗಿ ವೈದ್ಯಕೀಯ ನಿರ್ಧಾರ ತೆಗೆದುಕೊಳ್ಳುವ ಅಧಿಕಾರಪತ್ರವೂ ಜೊತೆಗಿರುವುದು ಒಳಿತು.

2025ರ ಮೇ 7ರಿಂದ ಅಮೆರಿಕದ ಒಳಗಿನ ವಿಮಾನಗಳಿಗೂ ರಿಯಲ್ ಐಡಿ ಎಂಬ ಬಿಗಿ ನಿಯಮದ ಗುರುತಿನ ಚೀಟಿ ಕೇಳುತ್ತಾರೆ; ವೀಸಾದಲ್ಲಿರುವವರು ಪಾಸ್‌ಪೋರ್ಟನ್ನೂ ದೇಶದೊಳಗೆ ಬಂದ ದಾಖಲೆಯಾದ ಐ-94ರ ಪ್ರತಿಯನ್ನೂ ಹೇಗೂ ಒಯ್ಯಬೇಕು. ಇಲ್ಲಿ ಒಂದು ಎಚ್ಚರಿಕೆ ಮುಖ್ಯ: ಡೊಮಿನಿಕನ್ ರಿಪಬ್ಲಿಕ್ ಮೂಲಕ ಹೋಗುವ ಅಗ್ಗದ ಟಿಕೆಟ್ ಕೊಳ್ಳಬೇಡಿ, ಬ್ರಿಟಿಷ್ ವರ್ಜಿನ್ ದ್ವೀಪಗಳಿಗೆ ಹೋಗುವ ಒಂದು ದಿನದ ದೋಣಿಯನ್ನೂ ಹತ್ತಬೇಡಿ. ಹಾಗೆ ಮಾಡಿದ ಕ್ಷಣ ನೀವು ದೇಶ ಬಿಟ್ಟಿರುತ್ತೀರಿ, ಮರಳಿ ಬರಲು ಸಿಂಧು ವೀಸಾ ಬೇಕಾಗುತ್ತದೆ.

ಮೂರನೆಯ ಹೆಜ್ಜೆ: ರಾತ್ರಿಗಳನ್ನು ಗಟ್ಟಿ ಮಾಡುವುದು

ನಮ್ಮ ಹಂಚಿಕೆ ಹೀಗಿತ್ತು: ಸಾನ್ ಹ್ವಾನ್‌ನಲ್ಲಿ ಎರಡು ರಾತ್ರಿ, ಪೂರ್ವದ ಫಹಾರ್ದೊದಲ್ಲಿ ಒಂದು, ದಕ್ಷಿಣದ ಪೊನ್ಸೆಯಲ್ಲಿ ಒಂದು, ಬೊಕೆರೋನ್‌ನಲ್ಲಿ ಎರಡು, ಪಶ್ಚಿಮದ ರಿಂಕೋನ್‌ನಲ್ಲಿ ಎರಡು. ದೊಡ್ಡ ಹೋಟೆಲುಗಳಿಗಿಂತ ಪರಾದೋರ್ ಎಂದು ಕರೆಯುವ ಚಿಕ್ಕ ಊರಿನ ವಸತಿಗಳು ಅಗ್ಗ. ಅವುಗಳ ಮೇಲಿನ ಕೊಠಡಿ ತೆರಿಗೆಯೂ ಕಡಿಮೆ.

ಕೊಠಡಿ ಕಾದಿರಿಸಿದ ದಿನವೇ ಒಂದು ಚಿಕ್ಕ ಸಂದೇಶ ಕಳಿಸಿ. ನಾವು ನವದಂಪತಿ ಎನ್ನಲು ಇಬ್ಬರು ಹೆಂಗಸರಾದರೆ 'ಸೋಮೋಸ್ ರೆಸಿಯೆನ್ ಕಸಾದಾಸ್', ಇಬ್ಬರು ಗಂಡಸರಾದರೆ 'ಕಸಾದೋಸ್'. ಒಂದೇ ಮಂಚ ಬೇಕು ಎನ್ನಲು 'ಉನಾ ಸೋಲಾ ಕಾಮಾ'. ಸ್ಪ್ಯಾನಿಷಿನಲ್ಲಿ ಕೊನೆಯ ಸ್ವರವೇ ಲಿಂಗವನ್ನು ಹೇಳಿಬಿಡುವುದರಿಂದ ಬೇರೆ ವಿವರಣೆ ಬೇಕಾಗುವುದಿಲ್ಲ. ಅವರು ಬರೆಯುವ ಉತ್ತರದ ಧಾಟಿಯನ್ನು ಗಮನಿಸಿ. ಅಭಿನಂದನೆ ಬಂದರೆ ನಿಶ್ಚಿಂತೆ. ಉತ್ತರವೇ ಬರದಿದ್ದರೆ, ಅಥವಾ ಎರಡು ಮಂಚದ ಕೊಠಡಿಯನ್ನೇ ಮತ್ತೆ ಮತ್ತೆ ಮುಂದೊಡ್ಡಿದರೆ, ಹಣ ವಾಪಸು ಸಿಗುವ ಅವಧಿಯೊಳಗೆ ಬೇರೆ ಜಾಗ ನೋಡಿ. ರಾತ್ರಿ ಒಂಬತ್ತಕ್ಕೆ, ದಣಿದ ಮೈಯಲ್ಲಿ, ಸ್ವಾಗತದ ಮೇಜಿನ ಮುಂದೆ ನಿಂತು ತಿಳಿಯುವುದಕ್ಕಿಂತ ಎರಡು ತಿಂಗಳು ಮೊದಲೇ ಮನೆಯ ಸೋಫಾದಲ್ಲಿ ಕುಳಿತು ತಿಳಿಯುವುದು ಮೇಲು.

ಅದೇ ಸಂದೇಶದಲ್ಲಿ 'ಪ್ಲಾಂತಾ' ಮತ್ತು 'ಸಿಸ್ತೆರ್ನಾ' ಇವೆಯೇ ಎಂದೂ ಕೇಳಿ. ಮೊದಲನೆಯದು ಜನರೇಟರ್, ಎರಡನೆಯದು ನೀರಿನ ಟ್ಯಾಂಕ್. ಮರಿಯಾ ಬಂದುಹೋದ ಮೇಲೆ ಈ ದ್ವೀಪದಲ್ಲಿ ಕರೆಂಟು ಹೋಗುವುದು ನಮ್ಮ ಬೇಸಿಗೆಯ ಲೋಡ್ ಶೆಡ್ಡಿಂಗಿನಷ್ಟೇ ಸಾಮಾನ್ಯ.

ನಾಲ್ಕನೆಯ ಹೆಜ್ಜೆ: ಕಾರು ಮತ್ತು ರಸ್ತೆ

ಮೊದಲ ಎರಡು ದಿನ ಕಾರು ಬೇಡ. ಹಳೆಯ ಸಾನ್ ಹ್ವಾನ್‌ನ ಓಣಿಗಳು ಇಕ್ಕಟ್ಟು, ನಿಲುಗಡೆಗೆ ಜಾಗವಿಲ್ಲ, ಮತ್ತು ಕಬ್ಬಿಣದ ಕಿಟ್ಟದಿಂದ ಮಾಡಿದ ಅಲ್ಲಿನ ನೀಲಿ ನೆಲಗಲ್ಲುಗಳು ನಡೆಯುವವರಿಗೇ ಚಂದ. ಕಾರನ್ನು ಮೂರನೆಯ ದಿನ ಬೆಳಗ್ಗೆ ಪಡೆಯಿರಿ. ಅಮೆರಿಕದ ಲೈಸೆನ್ಸ್ ಸಾಕು. ಭಾರತದಿಂದ ಬರುವವರು ಊರಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡಿರಲಿ.

ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ದೂರದ ಫಲಕಗಳು ಕಿಲೋಮೀಟರಿನಲ್ಲಿ, ವೇಗದ ಫಲಕಗಳು ಮೈಲಿಯಲ್ಲಿ, ಪೆಟ್ರೋಲು ಲೀಟರಿನಲ್ಲಿ ಇರುವುದು ಈ ದ್ವೀಪದ ವಿಶೇಷ. 55 ಎಂಬ ಫಲಕ ಕಂಡರೆ ಅದು ಗಂಟೆಗೆ 55 ಮೈಲಿ. ಹೆದ್ದಾರಿಗಳಲ್ಲಿ ಸುಂಕ ಕಟ್ಟಲು ನಿಲ್ಲುವಂತಿಲ್ಲ, ಆಟೋಎಕ್ಸ್‌ಪ್ರೆಸೊ ಎಂಬ ಚೀಟಿ ಕಾರಿನ ಗಾಜಿಗೆ ಅಂಟಿಸಿರುತ್ತದೆ. ನಮ್ಮ ಫಾಸ್ಟ್ಯಾಗ್ ಇದ್ದ ಹಾಗೆ. ಅದು ಚಾಲೂ ಇದೆಯೇ ಎಂದು ಕೌಂಟರಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಪೊಲೀಸರ ವಾಹನಗಳು ಗಸ್ತಿನಲ್ಲಿರುವಾಗಲೆಲ್ಲ ನೀಲಿ ದೀಪ ಬೆಳಗಿಸಿಕೊಂಡೇ ಓಡಾಡುತ್ತವೆ. ಮೊದಲ ಸಂಜೆ ಹಿಂದಿನಿಂದ ನೀಲಿ ಬೆಳಕು ಬಂದಾಗ ನಾವಿಬ್ಬರೂ ಬೆಚ್ಚಿ ಕಾರನ್ನು ಬದಿಗೆ ನಿಲ್ಲಿಸಿದೆವು, ಆ ವಾಹನ ತನ್ನ ಪಾಡಿಗೆ ತಾನು ಮುಂದೆ ಹೋಯಿತು. ಸೈರನ್ ಕೇಳಿದರೆ ಮಾತ್ರ ನಿಲ್ಲಿಸಿ. ಗುಂಡಿಗಳ ವಿಷಯದಲ್ಲಿ ಕರ್ನಾಟಕದವರಿಗೆ ಪಾಠ ಹೇಳಬೇಕಿಲ್ಲ, ಆದರೆ ಬೆಟ್ಟದ ದಾರಿಯಲ್ಲಿ ಕತ್ತಲಾದ ಮೇಲೆ ಓಡಿಸಬೇಡಿ ಎಂದು ಮಾತ್ರ ಒತ್ತಿ ಹೇಳುತ್ತೇನೆ. ಕಡಲತೀರದಲ್ಲಿ ಕಾರು ನಿಲ್ಲಿಸುವಾಗ ಸೀಟಿನ ಮೇಲೆ ಒಂದು ಚೀಲವನ್ನೂ ಬಿಡಬೇಡಿ.

ಐದನೆಯ ಹೆಜ್ಜೆ: ಸುತ್ತು ಹಾಕುವುದು

ದ್ವೀಪ ಪೂರ್ವ-ಪಶ್ಚಿಮವಾಗಿ ಸುಮಾರು 160 ಕಿಲೋಮೀಟರ್ ಉದ್ದ, ಉತ್ತರ-ದಕ್ಷಿಣವಾಗಿ ಸುಮಾರು 55 ಕಿಲೋಮೀಟರ್ ಅಗಲ. ಗಡಿಯಾರದ ಮುಳ್ಳಿನಂತೆ ಪೂರ್ವದಿಂದ ಸುತ್ತಿ. ಪ್ರವಾಸದ ಕೊನೆಯ ಸಂಜೆಗಳು ಆಗ ಪಶ್ಚಿಮದ ಕಡಲಿಗೆ ಸಿಗುತ್ತವೆ.

ಸಾನ್ ಹ್ವಾನ್‌ನಲ್ಲಿ ಕೊಂದಾದೊ, ಓಶನ್ ಪಾರ್ಕ್ ಮತ್ತು ಸಾಂತೂರ್ಸೆ ಬಡಾವಣೆಗಳಲ್ಲಿ ನಮ್ಮಂಥ ಜೋಡಿಗಳು ಕೈ ಹಿಡಿದು ನಡೆಯುವುದನ್ನು ಯಾರೂ ತಿರುಗಿ ನೋಡುವುದಿಲ್ಲ. ಒಂದು ಮಧ್ಯಾಹ್ನವನ್ನು ಎಲ್ ಮೊರ್ರೊ ಕೋಟೆಗೆ ಕೊಡಿ. ಸ್ಪೇನಿನವರು 1539ರಲ್ಲಿ ಕಟ್ಟಲು ತೊಡಗಿದ ಈ ಕೋಟೆ 1983ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅದರ ಮುಂದಿನ ಹುಲ್ಲಿನ ಬಯಲಿನಲ್ಲಿ ಮನೆಮಂದಿಯೆಲ್ಲ ಗಾಳಿಪಟ ಹಾರಿಸುತ್ತಿರುತ್ತಾರೆ. ಅಲ್ಲಿ ಒಂದು ಪಟ ಕೊಂಡು ನೀವೂ ಹಾರಿಸಿ.

ಮೂರನೆಯ ದಿನ ಹೆದ್ದಾರಿ ಬಿಟ್ಟು 187ನೇ ರಸ್ತೆ ಹಿಡಿದು ಪಿನ್ಯೋನೆಸ್ ಮೂಲಕ ಹೊರಡಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಂಡ್ಲಾ ಕಾಡು, ನಡುವೆ ಸೌದೆ ಒಲೆಯ ಮೇಲೆ ಕರಿಯುವ ತಿಂಡಿಯ ಅಂಗಡಿಗಳು. ಅಲ್ಲಿ ತಣ್ಣನೆಯ ಎಳನೀರು ಕುಡಿದು, ಎಲ್ ಯುಂಕೆ ಮಳೆಕಾಡಿಗೆ 191ನೇ ರಸ್ತೆಯಲ್ಲಿ ಹತ್ತಿ. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಉಷ್ಣವಲಯದ ಮಳೆಕಾಡು ಇದೊಂದೇ. ಲಾ ಕೋಕಾ ಜಲಪಾತ ರಸ್ತೆಯ ಪಕ್ಕದಲ್ಲೇ ಬೀಳುತ್ತದೆ. ಆಗುಂಬೆ ಕಂಡವರಿಗೆ ಆ ಹಸಿರೂ ಆ ಒದ್ದೆಯೂ ಹೊಸದಲ್ಲ, ಆದರೆ ಮರದಷ್ಟೆತ್ತರದ ಜರೀಗಿಡಗಳು ಹೊಸವು. ಭೂಕುಸಿತದಿಂದ ಆ ರಸ್ತೆ ದಕ್ಷಿಣದ ಕಡೆ ದಶಕಗಳಿಂದ ಕಡಿದುಹೋಗಿದೆ, ನಕ್ಷೆ ಏನೇ ಹೇಳಲಿ ಬಂದ ದಾರಿಯಲ್ಲೇ ಇಳಿಯಬೇಕು.

ಆ ರಾತ್ರಿ ಫಹಾರ್ದೊದ ಲಗೂನಾ ಗ್ರಾಂದೆ, ಮೂರು ಬೆಳಗುವ ಕೊಲ್ಲಿಗಳಲ್ಲಿ ಒಂದು. ಕಯಾಕು ಎಂಬ ಕಿರುದೋಣಿಗಳಲ್ಲಿ ಇಬ್ಬಿಬ್ಬರನ್ನು ಕೂರಿಸುತ್ತಾರೆ. ಕೆಂಪು ದೀಪದ ಮಾರ್ಗದರ್ಶಿಯ ಹಿಂದೆ ಕಾಂಡ್ಲಾ ಗಿಡಗಳ ಬೇರುಗಳ ನಡುವಿನ ಕಿರಿದಾದ ಕಾಲುವೆಯಲ್ಲಿ ಸಾಗುವಾಗ, ಹುಟ್ಟು ನೀರಿಗೆ ತಾಗಿದಲ್ಲೆಲ್ಲ ನೀಲಿ ಬೆಳಕು ಎದ್ದು ಆರುತ್ತಿತ್ತು. ಕೊಳದ ನಡುವೆ ದೋಣಿ ನಿಂತಾಗ ನನ್ನ ಮಡದಿ ಕೈಯನ್ನು ಮೊಣಕೈವರೆಗೆ ಅದ್ದಿ ಎತ್ತಿದಳು. ಮಣಿಕಟ್ಟಿನಿಂದ ಹನಿಗಳು ಜಾರುವಾಗ ಒಂದೊಂದು ಹನಿಯೂ ಒಂದು ಗಳಿಗೆ ಬೆಳಗಿ, ಮದುವೆಯ ಹಸಿರು ಬಳೆಗಳ ಮೇಲೆ ಬಿದ್ದು ಕಣ್ಮರೆಯಾಯಿತು. ಸೊಳ್ಳೆಯ ಮುಲಾಮನ್ನೋ ಬಿಸಿಲಿನ ಕ್ರೀಮನ್ನೋ ಹಚ್ಚಿಕೊಂಡು ಈ ನೀರಿಗೆ ಕೈ ಹಾಕಬಾರದು, ಆ ಜೀವಿಗಳಿಗೆ ಅದು ವಿಷ; ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಇಲ್ಲಿ ಈಜುವುದು ನಿಷಿದ್ಧ. ವಿಯೇಕೆಸ್ ದ್ವೀಪದ ಮೊಸ್ಕೀತೊ ಕೊಲ್ಲಿ ಇದಕ್ಕಿಂತ ಹೆಚ್ಚು ಬೆಳಗುತ್ತದೆ, ಆದರೆ ಬಾಡಿಗೆ ಕಾರನ್ನು ಆ ದ್ವೀಪಕ್ಕೆ ಹೋಗುವ ದೋಣಿಗೆ ಹತ್ತಿಸಲಾಗದು. ಅಲ್ಲಿಗೆ ಹೋಗುವುದಾದರೆ ಕಾರನ್ನು ಸೇಬಾ ಬಂದರಿನಲ್ಲಿ ಬಿಟ್ಟು ಎರಡು ದಿನ ಹೆಚ್ಚು ಇಟ್ಟುಕೊಳ್ಳಬೇಕು.

ಫಹಾರ್ದೊದಿಂದ ಪೊನ್ಸೆಗೆ ಎರಡು ಗಂಟೆಯ ದಾರಿ. ಊರಿನ ಚೌಕದಲ್ಲಿ ಕೆಂಪು-ಕಪ್ಪು ಪಟ್ಟೆಯ ಹಳೆಯ ಅಗ್ನಿಶಾಮಕ ಠಾಣೆಯಿದೆ, 1882ರದು. ಮರುದಿನ 10ನೇ ರಸ್ತೆಯಲ್ಲಿ ಬೆಟ್ಟ ಹತ್ತಿ ಆದ್‌ಹುಂತಾಸ್ ಎಂಬ ಊರಿಗೆ ಹೋಗಿ ಬನ್ನಿ. ಅಲ್ಲಿ 1980ರಲ್ಲಿ ಶುರುವಾದ ಕಾಸಾ ಪುಯೆಬ್ಲೊ ಎಂಬ ಸಂಸ್ಥೆ ಗಣಿಗಾರಿಕೆಯನ್ನು ತಡೆದು ಕಾಡನ್ನು ಉಳಿಸಿತು. ಅದರ ಛಾವಣಿಯ ಮೇಲೆ ಸೌರಫಲಕಗಳಿದ್ದುದರಿಂದ, ಮರಿಯಾ ಬಂದು ಇಡೀ ದ್ವೀಪ ಕತ್ತಲಾದಾಗಲೂ ಅಲ್ಲಿ ದೀಪ ಉರಿಯುತ್ತಿತ್ತು. ತಾವೇ ಬೆಳೆದ ಕಾಫಿಯನ್ನು ಅವರು ಮಾರುತ್ತಾರೆ. ಬೆಟ್ಟದ ಇಳಿಜಾರು, ನೆರಳಿನ ಮರ, ಕೆಂಪು ಹಣ್ಣು ಎಲ್ಲವೂ ಮಲೆನಾಡಿನ ಎಸ್ಟೇಟಿನಂತೆಯೇ. ತಂದೆಯ ಕಾಲದಿಂದ ಕಾಫಿ ಬೆಳೆದ ಮನೆಯವಳಾದ ನನ್ನ ಮಡದಿ ಆ ಗಿಡಗಳ ಎಲೆ ಮಗುಚಿ ತುಕ್ಕುರೋಗ ಇದೆಯೇ ಎಂದು ನೋಡುತ್ತ ಅರ್ಧ ಗಂಟೆ ಕಳೆದಳು.

ಬೊಕೆರೋನ್‌ಗೆ ಎರಡು ರಾತ್ರಿ ಕೊಟ್ಟದ್ದು ಸುಮ್ಮನೆ ಅಲ್ಲ. ರಾಜಧಾನಿಯ ಹೊರಗೆ ನಮ್ಮ ಸಮುದಾಯಕ್ಕೆ ಬಹು ಹಿಂದಿನಿಂದ ನಂಟಿರುವ ಊರು ಇದು; ದೋಣಿಕಟ್ಟೆಯ ಅಂಗಡಿಗಳಲ್ಲಿ ಕಾಮನಬಿಲ್ಲಿನ ಬಾವುಟಗಳು ಜೂನ್ ಕಳೆದ ಮೇಲೂ ಹಾರುತ್ತಿರುತ್ತವೆ. ಹತ್ತಿರದಲ್ಲೇ ಕಾಬೊ ರೋಹೊ ತುದಿ: ಗುಲಾಬಿ ಬಣ್ಣದ ಉಪ್ಪಿನ ಮಡಿಗಳನ್ನು ದಾಟಿ, ಕಚ್ಚಾ ರಸ್ತೆಯಲ್ಲಿ ಅಲುಗಾಡುತ್ತ ಸಾಗಿದರೆ, ಕೆಂಪು ಕಡಿದಾದ ಬಂಡೆಯ ನೆತ್ತಿಯಲ್ಲಿ 1882ರ ದೀಪಸ್ತಂಭ. ಅಲ್ಲಿ ತಡೆಗೋಡೆ ಇಲ್ಲ, ಚಿತ್ರ ತೆಗೆಯಲು ಅಂಚಿಗೆ ಹೋಗಬೇಡಿ. ಹತ್ತಿರದ ಲಾ ಪರ್ಗೇರಾ ಕೊಲ್ಲಿ ಮಾತ್ರ ಬೆಳಗುವ ನೀರಿನಲ್ಲಿ ಈಜಲು ಬಿಡುವಂಥದು. ಮೊದಲ ಅಮಾವಾಸ್ಯೆ ಮೋಡದಲ್ಲಿ ಹಾಳಾದರೆ ಇಲ್ಲಿ ಇನ್ನೊಂದು ಅವಕಾಶವಿದೆ.

ರಿಂಕೋನ್ ಅಲೆಗಳ ಊರು. 1968ರಲ್ಲಿ ವಿಶ್ವ ಸರ್ಫಿಂಗ್ ಸ್ಪರ್ಧೆ ಇಲ್ಲೇ ನಡೆಯಿತು. ಚಳಿಗಾಲದಲ್ಲಿ ಅಲೆಗಳು ದೊಡ್ಡವು, ಈಜು ಬಾರದವರು ಮೊಣಕಾಲಿಗಿಂತ ಆಳಕ್ಕೆ ಇಳಿಯಬಾರದು. ದ್ವೀಪದ ಕಡಲತೀರಗಳೆಲ್ಲ ಕಾನೂನಿನ ಪ್ರಕಾರ ಸಾರ್ವಜನಿಕ ಆಸ್ತಿ. ಯಾವ ರೆಸಾರ್ಟೂ ನಿಮ್ಮನ್ನು ಮರಳಿನಿಂದ ಎಬ್ಬಿಸುವಂತಿಲ್ಲ.

ಊಟದ ಮಾತು

ಸಸ್ಯಾಹಾರಿಗಳು ಕಷ್ಟಪಡುವುದು ಇಲ್ಲೇ, ಏಕೆಂದರೆ ಇಲ್ಲಿನ ಹುರುಳಿಕಾಯಿ ಬೀಜದ ಸಾರಿಗೂ ಹಂದಿಮಾಂಸದ ಚೂರು ಬೀಳುತ್ತದೆ. 'ಸಿನ್ ಕಾರ್ನೆ' ಎಂದರೆ ಮಾಂಸವಿಲ್ಲದೆ ಎಂಬ ಅರ್ಥ ನಿಜ, ಆದರೆ ಹಲವರ ಲೆಕ್ಕದಲ್ಲಿ ಹಂದಿಯ ಹ್ಯಾಮ್ ಆಗಲಿ ಕೋಳಿಯ ಸಾರಾಗಲಿ ಆ ಮಾತಿನೊಳಗೆ ಬರುವುದಿಲ್ಲ. 'ಸಿನ್ ಹಾಮೋನ್, ಸಿನ್ ಕಾಲ್ದೊ ದೆ ಪೋಯೊ' ಎಂದು ಸೇರಿಸಿ ಹೇಳಿ. ಬಾಳೆಕಾಯಿಯನ್ನು ಕರಿದು ಜಜ್ಜಿ ಮತ್ತೆ ಕರಿಯುವ ತೊಸ್ತೋನೆಸ್ ಎಲ್ಲ ಕಡೆ ಸಿಗುತ್ತದೆ. ನಮ್ಮ ನಾಲಿಗೆಗೆ ಗುರುತು ಹತ್ತುವ ಪದಾರ್ಥಗಳು ಎರಡಿವೆ. ಹಬ್ಬದ ಅನ್ನಕ್ಕೆ ಹಾಕುವ ಗಂದೂಲೆಸ್ ಎಂಬುದು ನಮ್ಮ ತೊಗರಿಕಾಳೇ, ಇಂಡಿಯಾದ ನೆಲದಿಂದ ಆಫ್ರಿಕಾ ದಾಟಿ ಹೋದದ್ದು. ಪಾನಾ ಎಂಬುದು ಮಂಗಳೂರಿನ ಕಡೆಯ ಜೀಗುಜ್ಜೆ. ಪಿನ್ಯೋನೆಸಿನ ಅಂಗಡಿಯೊಂದರಲ್ಲಿ ಕರಿದ ಜೀಗುಜ್ಜೆಯನ್ನು ಕಾಗದದಲ್ಲಿ ಕೊಟ್ಟಾಗ, ಮೇಲೆ ಉಪ್ಪು ಉದುರಿಸಿದ್ದನ್ನು ಕಂಡು ನಾನು ಅಜ್ಜಿಯ ಮನೆಯ ಜಗಲಿಯಲ್ಲಿ ಕೂತಂತೆ ಕೂತು ತಿಂದೆ.

ಎಲ್ಲಿ ಹಗುರ, ಎಲ್ಲಿ ಎಚ್ಚರ

ಕಾನೂನು ನಮ್ಮ ಪರವಾಗಿದೆ ಎಂದ ಮಾತ್ರಕ್ಕೆ ಎಲ್ಲರ ಮನಸ್ಸೂ ಹಾಗಿದೆ ಎಂದಲ್ಲ. 2020ರಲ್ಲಿ ಈ ದ್ವೀಪದಲ್ಲಿ ಹಲವು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕೊಲೆಗಳಾದವು, ಅದನ್ನು ಮರೆಮಾಚಿ ಮಧುಚಂದ್ರದ ಮಾರ್ಗದರ್ಶಿ ಬರೆಯುವುದು ಸರಿಯಲ್ಲ. ನಿಮ್ಮಲ್ಲಿ ಒಬ್ಬರು ಟ್ರಾನ್ಸ್ ಆಗಿದ್ದರೆ ಟಿಕೆಟ್, ಗುರುತಿನ ಚೀಟಿ, ಕಾರಿನ ಕರಾರು ಮೂರರಲ್ಲೂ ಹೆಸರು ಒಂದೇ ಇರಲಿ, ರಾತ್ರಿಯ ಓಡಾಟವನ್ನು ಕೊಂದಾದೊ, ಬೊಕೆರೋನ್‌ಗಳಂಥ ಪರಿಚಿತ ಜಾಗಗಳಿಗೆ ಸೀಮಿತಗೊಳಿಸಿ. ಬೆಟ್ಟದ ಊರುಗಳಲ್ಲಿ ಚರ್ಚುಗಳ ಪ್ರಭಾವ ಹೆಚ್ಚು. ಅಲ್ಲಿ ನಾವು ಚೌಕದಲ್ಲಿ ಕೈ ಹಿಡಿಯಲಿಲ್ಲ, ಯಾರೂ ನಮ್ಮೊಡನೆ ಒರಟಾಗಿ ನಡೆದುಕೊಳ್ಳಲೂ ಇಲ್ಲ.

ಆದ್‌ಹುಂತಾಸ್‌ನ ಒಂದು ಖಾನಾವಳಿಯಲ್ಲಿ ಮುದುಕಿಯೊಬ್ಬರು ತಟ್ಟೆ ಇಡುತ್ತ 'ಎರ್ಮಾನಾಸ್?' ಎಂದರು. ಅಕ್ಕತಂಗಿಯರಾ ಎಂಬ ಈ ಪ್ರಶ್ನೆಯನ್ನು ಊರಿನಲ್ಲಿ ಬಸ್ಸಿನಿಂದ ಬಾಡಿಗೆ ಮನೆಯವರೆಗೆ ಎಷ್ಟು ಸಲ ಕೇಳಿದ್ದೆವೋ, ಪ್ರತಿ ಸಲವೂ ಹೌದು ಎಂದಿದ್ದೆವು. ಅಭ್ಯಾಸಬಲದಿಂದ ನನ್ನ ತಲೆ ಅಲ್ಲಾಡುವ ಮೊದಲೇ ನನ್ನ ಮಡದಿ 'ನೋ, ಎಸ್ಪೋಸಾಸ್' ಎಂದಳು, ಇಲ್ಲ, ದಂಪತಿ. ಅವರು ಒಂದು ಗಳಿಗೆ ಸುಮ್ಮನಿದ್ದು, 'ದಿಯೋಸ್ ಲಾಸ್ ಬೆಂದೀಗಾ' ಎಂದು ಹರಸಿ ಒಳಗೆ ಹೋಗಿ, ಎರಡು ತುಂಡು ಸೀಬೆಹಣ್ಣಿನ ಹಲ್ವವನ್ನು ಬಿಳಿ ಚೀಸಿನ ಜೊತೆ ತಂದಿಟ್ಟರು. ಬಿಲ್ಲಿನಲ್ಲಿ ಅದರ ಲೆಕ್ಕ ಇರಲಿಲ್ಲ. ಎಲ್ಲ ಕಡೆ ಹೀಗೇ ಆಗುತ್ತದೆಂದು ನಾನು ಹೇಳಲಾರೆ. ಉತ್ತರ ಕೊಡುವ ಮೊದಲು ಸುತ್ತಲೂ ನೋಡಿ, ಇಬ್ಬರಲ್ಲಿ ಒಬ್ಬರಿಗೆ ಅಳುಕಿದ್ದರೂ ಆ ದಿನ ಸುಮ್ಮನಿರಿ, ಅದನ್ನು ಒಬ್ಬರಿಗೊಬ್ಬರು ಸೋಲೆಂದು ಎಣಿಸಬೇಡಿ.

ಹಿಂದಿರುಗುವ ದಿನ

ರಿಂಕೋನ್‌ನಿಂದ ವಿಮಾನ ನಿಲ್ದಾಣಕ್ಕೆ 2 ಮತ್ತು 22ನೇ ರಸ್ತೆಗಳಲ್ಲಿ ಎರಡೂವರೆ ಗಂಟೆ ಬೇಕು. ವಾರದ ದಿನ ಬೆಳಗಿನ ವಾಹನದಟ್ಟಣೆಗೆ ಇನ್ನೊಂದು ಗಂಟೆ ಸೇರಿಸಿ. ಕಾರು ಒಪ್ಪಿಸುವ ಮೊದಲು ನಾಲ್ಕೂ ಬದಿಗಳ ವಿಡಿಯೊ ತೆಗೆಯಿರಿ, ಸುಂಕದ ಹಣ ಒಂದೆರಡು ವಾರದ ಮೇಲೆ ಕಾರ್ಡಿಗೆ ಬೀಳುತ್ತದೆ. ನಿಲ್ದಾಣದಲ್ಲಿ ಕೃಷಿ ಇಲಾಖೆಯವರು ಎಲ್ಲರ ಚೀಲಗಳನ್ನೂ ಯಂತ್ರದಲ್ಲಿ ಹಾಯಿಸಿ ನೋಡುತ್ತಾರೆ. ಮಾವಿನಹಣ್ಣನ್ನು ಒಯ್ಯಲು ಬಿಡುವುದಿಲ್ಲ, ಅದನ್ನು ಕಾರಿನಲ್ಲೇ ತಿಂದು ಮುಗಿಸಿ. ಹುರಿದ ಕಾಫಿಬೀಜಕ್ಕೆ ಅಡ್ಡಿಯಿಲ್ಲ.